ಮೊದಲ ಭಾನುವಾರದ ಪಂಕ್ತಿ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ನಮ್ಮ ಸಭಾಪಾಲಕರಾದ ರೆವರೆಂಡ್ ಸತ್ಯವ್ರತ ಅವರೇ, ಹಾರ ಬೇಡವೆಂದು ಹೇಳಿಯೂ ಹಾಕಿಸಿಕೊಂಡು ಕುಳಿತಿರುವ ಮುಖ್ಯ ಅತಿಥಿಗಳೇ, ನಾನು ಬಾಯಿ ತೆರೆಯುವ ಮೊದಲೇ ಗಡಿಯಾರ ನೋಡಿಕೊಂಡ ಕಾರ್ಯದರ್ಶಿ ಥಿಯೋಡರ್ ಅಂಕಲ್ ಅವರೇ, ನನ್ನ ಅತ್ತೆ ಸುಗುಣಮ್ಮನವರೇ, ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನನ್ನ ಗಂಡ ಎಬಿನೇಜರ್ ಅವರೇ, ಮತ್ತು ಬೆಳಗಿನಿಂದ ಬರಿ ಕಾಫಿಯ ಮೇಲೆ ಕೂತಿರುವ ಹಸಿದ ಸಭಿಕರೇ,

ಈ ವರ್ಷ ಮದುವೆಯಾದ ಜೋಡಿಗಳಿಗೆ ಈಗಷ್ಟೇ ಶಾಲು ಹೊದಿಸಿದಿರಿ. ಆ ಜೋಡಿಗಳ ಪರವಾಗಿ ಎರಡು ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ಉಳಿದ ಹುಡುಗಿಯರು ಮೈಕ್ ಕಂಡರೆ ಹೆದರುತ್ತಾರಂತೆ. ಸ್ನೇಹಾ ಹೆದರುವುದಿಲ್ಲ, ನಿಲ್ಲಿಸುವುದೇ ಕಷ್ಟ ಎಂದು ನನ್ನ ಗಂಡನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ. ಕ್ಷಮಿಸಿ, ಬಂದಿದ್ದಾರೆ. ಮನೆಯಲ್ಲಿ ಅವನು, ಸಭೆಯಲ್ಲಿ ಅವರು. ಅತ್ತೆ ನಗುತ್ತಿದ್ದಾರೆ, ಹಾಗಾಗಿ ಪರವಾಗಿಲ್ಲ.

ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ಈ ಭಾಷಣವನ್ನು ಕನ್ನಡದಲ್ಲಿ ಬರೆದು ಅತ್ತೆಗೆ ತೋರಿಸಿದೆ. ಅವರು ಒತ್ತಕ್ಷರಗಳನ್ನೆಲ್ಲ ತಿದ್ದಿ, ಕೊನೆಯಲ್ಲಿ ಎರಡು ಒಳ್ಳೆಯ ವಾಕ್ಯ ಸೇರಿಸಿ ಕೊಟ್ಟರು. ಆ ಹಾಳೆ ನನ್ನ ಕೈಯಲ್ಲೇ ಇದೆ. ಅದರಲ್ಲಿ ದಾಂಪತ್ಯದ ಬಗ್ಗೆ ಬಹಳ ಸೊಗಸಾದ ಮಾತುಗಳಿವೆ. ಆದರೆ ಇನ್ನು ಮುಂದೆ ನಾನು ಹೇಳುವುದು ಯಾವುದೂ ಅದರಲ್ಲಿಲ್ಲ. ಅತ್ತೆ, ತಪ್ಪಿದ್ದರೆ ಮನೆಗೆ ಹೋದ ಮೇಲೆ ತಿದ್ದಿ.

ಯಾಕೆಂದರೆ, ಸಭಿಕರೇ, ನಾನು ನಿಂತಿರುವ ಜಾಗದಿಂದ ಕಿಟಕಿಯಾಚೆ ಗೇಟು ಕಾಣುತ್ತದೆ. ಗೇಟಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕ್ರೇಟುಗಳ ತುಂಬ ಊಟದ ಪ್ಯಾಕೆಟ್‌ಗಳು ಕಾಣುತ್ತವೆ. ಕೆಂಪು ಚುಕ್ಕಿಯದು ಚಿಕನ್ ಬಿರಿಯಾನಿ, ಹಸಿರು ಚುಕ್ಕಿಯದು ಪಲಾವ್. ಆ ಕ್ರೇಟುಗಳಿಂದ ಸ್ವಲ್ಪ ದೂರದಲ್ಲಿ, ಸ್ಕೂಟರಿಗೆ ಒರಗಿಕೊಂಡು, ಒಬ್ಬರು ಹಿರಿಯರು ನಿಂತಿದ್ದಾರೆ. ಅವರು ನಮ್ಮಪ್ಪ, ಪಂಚಪ್ಪ. ಪಕ್ಕದಲ್ಲಿ ಸೆರಗು ಹೊದ್ದು ನಿಂತಿರುವುದು ನಮ್ಮವ್ವ, ಶರಣವ್ವ. ಅವರ ಕೈಗೆ ಹಸಿರು ಚುಕ್ಕಿಯ ಎರಡು ಪ್ಯಾಕೆಟ್‌ಗಳನ್ನು ಆಗಲೇ ಕೊಟ್ಟಾಗಿದೆ. ಮಗಳು ಮೈಕಿನಲ್ಲಿ ಮಾತಾಡುತ್ತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಅವರು ಇನ್ನೂ ಹೊರಟಿಲ್ಲ. ನಾನು ಮಾತು ನಿಲ್ಲಿಸಿದರೆ ಅಪ್ಪ ಸ್ಕೂಟರ್ ಹತ್ತುತ್ತಾರೆ. ಹಾಗಾಗಿ ಥಿಯೋಡರ್ ಅಂಕಲ್, ನೀವು ಗಡಿಯಾರ ನೋಡಿ ಪ್ರಯೋಜನವಿಲ್ಲ.

ಅಪ್ಪ ಪ್ಯಾಕೆಟ್ ಒಯ್ಯಲು ಬಂದವರಲ್ಲ. ಊಟಕ್ಕೆ ಬಂದವರು. ಇದೇ ನನ್ನ ಭಾಷಣ. ಉಳಿದದ್ದೆಲ್ಲ ವಿವರಣೆ.

ಮುಖ್ಯ ಅತಿಥಿಗಳು ಹೊರಗಿನವರು, ಅವರಿಗೆ ನಮ್ಮ ಪದ್ಧತಿ ಹೇಳಬೇಕು. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಹಿಂದಿನ ಹಾಲಿನಲ್ಲಿ ಚಾಪೆ ಹಾಸುತ್ತಾರೆ. ಪ್ರತಿ ಮನೆಯಿಂದ ಒಂದೊಂದು ಪದಾರ್ಥ ಬರುತ್ತದೆ. ಬಿರಿಯಾನಿಯೆಲ್ಲ ಕ್ರಿಸ್ಮಸ್ಸಿಗೆ, ಸುಗ್ಗಿ ಹಬ್ಬಕ್ಕೆ. ಮೊದಲ ಭಾನುವಾರ ಮಾತ್ರ ಬರಿ ಕಾಳು, ತರಕಾರಿ, ಮುದ್ದೆ, ಅನ್ನ. ಯಾರೇ ಪಕ್ಕದಲ್ಲಿ ಬಂದು ಕೂತರೂ ಸಂಕೋಚವಾಗಬಾರದೆಂದು ಹಿಂದಿನವರು ಮಾಡಿದ ಏರ್ಪಾಡಂತೆ. ಎಲೆ ಹಾಕಿ, ಪ್ರಾರ್ಥನೆ ಮಾಡಿ, ಎಲ್ಲರೂ ಪಂಕ್ತಿಯಲ್ಲಿ ಕೂರುತ್ತಾರೆ. ಇಷ್ಟೇ ಆಗಿದ್ದರೆ ಎಲ್ಲ ಕಡೆ ಇರುವಂಥದ್ದೇ. ಆದರೆ ನಮ್ಮಲ್ಲಿ ಎರಡು ನಿಯಮಗಳಿವೆ. ಮಾಡಿ ತಂದವರೇ ಅದನ್ನು ಬಡಿಸಬೇಕು, ಬಡಿಸಿದವರು ಎರಡನೆಯ ಪಂಕ್ತಿಯಲ್ಲಿ ಕೂತು ಉಣ್ಣಲೇಬೇಕು. ಇದು ಒಂದು. ಇನ್ನೊಂದು, ಒಂದೇ ಮನೆಯವರು ಅಕ್ಕಪಕ್ಕ ಕೂರುವಂತಿಲ್ಲ.

ಈ ಎರಡನೆಯ ನಿಯಮ ಯಾರು ಮಾಡಿದರು? ನನಗೆ ನಿಜವಾಗಿಯೂ ತಿಳಿಯಬೇಕು. ಹೊಸದಾಗಿ ಮದುವೆಯಾದವರ ಬಗ್ಗೆ ಅವರಿಗೆ ಸ್ವಲ್ಪವಾದರೂ ಕರುಣೆ ಇತ್ತೇ? ಮದುವೆಯಾಗಿ ಮೊದಲ ಸಲ ಬಂದೆ. ಹೊಸ ಸೀರೆ, ಹೊಸ ಬಳೆ. ಪಕ್ಕದಲ್ಲಿ ಎಬಿ ಕೂರುತ್ತಾನೆ, ಅವನ ಎಲೆಯಿಂದ ಹಪ್ಪಳ ಕದಿಯಬಹುದು ಎಂದೆಲ್ಲ ಅಂದುಕೊಂಡಿದ್ದೆ. ನೋಡಿದರೆ ಎರಡನೆಯ ಪಂಕ್ತಿಯಲ್ಲಿ ನನ್ನನ್ನು ಈ ತುದಿಗೆ, ಅವನನ್ನು ಹಾಲಿನ ಆ ತುದಿಗೆ ಕಳಿಸಿದರು. ನನ್ನ ಬಲಗಡೆ ಥಿಯೋಡರ್ ಅಂಕಲ್. ಊಟ ಮುಗಿಯುವವರೆಗೆ ಅವರು ನನಗೆ ಬೋರ್‌ವೆಲ್ ಬಗ್ಗೆ ಹೇಳಿದರು. ಎಡಗಡೆ ರಾಜಾನುಕುಂಟೆಯಿಂದ ಮುದ್ದೆಯ ಪಾತ್ರೆ ಹೊತ್ತು ಬಸ್ಸಿನಲ್ಲಿ ಬರುವ ಮಾರಕ್ಕ. ನಾನು ಆ ತುದಿಗೆ ಇಣುಕಿ ಇಣುಕಿ ನೋಡುವುದನ್ನು ಕಂಡು ಮಾರಕ್ಕ ಹೇಳಿದರು:

"ಏನವ್ವ, ಅಂಗೆ ಕೊಕ್ಕರೆ ತರ ಕತ್ತು ಉದ್ದ ಮಾಡ್ಕಂಡ್ ನೋಡ್ತೀಯ? ನಿನ್ ಗಂಡ ಎಲ್ಲೂ ಓಗಾಕಿಲ್ಲ, ಆ ಪಾಯ್ಸ ಬುಟ್ಟು. ಮೊದ್ಲು ಮುದ್ದೆ ನುಂಗು."

ನಾನು ಮುದ್ದೆಯನ್ನು ಅಗಿದೆ. ಮಾರಕ್ಕ ಇಡೀ ಪಂಕ್ತಿಗೆ ಕೇಳುವಂತೆ "ಅಯ್ಯೋ ಸಿವ್ನೆ, ಅಗೀತಾವ್ಳೆ!" ಎಂದರು. ಚರ್ಚಿನ ಹಾಲಿನಲ್ಲಿ ಮಾರಕ್ಕ ಶಿವನನ್ನು ಕರೆದರು, ಯಾರೂ ಏನೂ ಅನ್ನಲಿಲ್ಲ. ನನಗೆ ಆಗಲೇ ಈ ಊಟ ಇಷ್ಟವಾಗಿಬಿಟ್ಟಿತು.

ಇದನ್ನು ಯಾಕೆ ಹೇಳಿದೆ? ಹಾಂ. ನಾನು ಹುಟ್ಟಿದ್ದು ಬೇರೆ ಮನೆಯಲ್ಲಿ ಎಂದು ನಿಮಗೆಲ್ಲ ಗೊತ್ತು. ಕೊಪ್ಪಳದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಯಲಹಂಕಕ್ಕೆ ಬಂದ ಲಿಂಗಾಯತರ ಮನೆ ನಮ್ಮದು. ನಮ್ಮ ಮದುವೆ ಆದದ್ದು ರಿಜಿಸ್ಟ್ರಾರ್ ಕಚೇರಿಯಲ್ಲಿ. ನನ್ನ ಹೆಸರು ಬದಲಿಸು ಎಂದು ನನಗೆ ಯಾರೂ ಹೇಳಿಲ್ಲ. ದೀಕ್ಷಾಸ್ನಾನ ಯಾವಾಗ ಎಂದೂ ಯಾರೂ ಕೇಳಿಲ್ಲ. ಅತ್ತೆಯಂತೂ, ಯಾರಾದರೂ ಕೇಳಿದರೆ ಎಂಬ ಭಯಕ್ಕೆ, ಕೇಳುವವರ ಮುಖ ನೋಡಿಯೇ ಮಾತು ಬದಲಿಸುತ್ತಾರೆ. ಅದಕ್ಕೆ ನಾನು ಎಷ್ಟು ಋಣಿ ಎಂದು ಆ ಹಾಳೆಯಲ್ಲೂ ಬರೆದಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆದರೆ ಅದೇ ಮೊದಲ ಭಾನುವಾರ, ಊಟಕ್ಕೂ ಮೊದಲು, ಇಲ್ಲಿ ಮುಂದೆ ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುತ್ತಾರೆ. ಕರ್ತನ ಭೋಜನ. ಸಾಲು ಸಾಲಾಗಿ ಎಲ್ಲರೂ ಎದ್ದು ಹೋಗುತ್ತಾರೆ. ಎಬಿ ಹೋಗುತ್ತಾನೆ, ಅತ್ತೆ ಹೋಗುತ್ತಾರೆ, ಮಾರಕ್ಕ ಮಂಡಿ ಹಿಡಿದುಕೊಂಡು ಹೋಗುತ್ತಾರೆ. ಬೆಂಚಿನಲ್ಲಿ ನಾನೊಬ್ಬಳೇ ಉಳಿಯುತ್ತೇನೆ, ಎಲ್ಲರ ಹ್ಯಾಂಡ್‌ಬ್ಯಾಗ್‌ಗಳ ಜೊತೆ. ನನಗೆ ಅದರಿಂದ ಬೇಸರವಿಲ್ಲ. ಅದು ನಿಮ್ಮ ನಂಬಿಕೆಯ ವಿಷಯ, ದೀಕ್ಷೆ ಪಡೆದವರ ವಿಷಯ. ನಂಬದೆ ಕೈ ಚಾಚಿದರೆ ಅದು ನಾಟಕವಾಗುತ್ತದೆ ಎಂದು ಸಭಾಪಾಲಕರೇ ನನ್ನ ಬಳಿ ಕೂತು ಎಷ್ಟು ಮೃದುವಾಗಿ ವಿವರಿಸಿದರು. ಬೇಸರವಿಲ್ಲ ಎಂದೆನಲ್ಲ? ಇಲ್ಲ. ಬ್ಯಾಗ್‌ಗಳನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ.

ಅಷ್ಟೇ ಏನೆಂದರೆ, ಅದಾದ ಅರ್ಧ ಗಂಟೆಗೆ ಹಿಂದಿನ ಹಾಲಿನಲ್ಲಿ ಎಲೆ ಹಾಕಿದಾಗ, ನನಗೂ ಒಂದು ಎಲೆ ಇರುತ್ತದೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಈ ಸಭೆಯಲ್ಲಿ ನಾನು ಎಲ್ಲರ ಜೊತೆ ಕೂರಬಹುದಾದ ಊಟ ಅದೊಂದೇ. ಅದನ್ನು ಪ್ಯಾಕೆಟ್‌ನಲ್ಲಿ ಹಾಕಿ ಗೇಟಿನ ಹತ್ತಿರ ಇಟ್ಟಿದ್ದೀರಿ!

ಕ್ಷಮಿಸಿ. ಧ್ವನಿ ಜೋರಾಯಿತು. ಮೈಕ್ ಬಾಯಿಗೆ ಹತ್ತಿರವಿತ್ತು.

ಅಪ್ಪ ಇನ್ನೂ ಇದ್ದಾರೆ. ಮುಂದುವರಿಸುತ್ತೇನೆ.

ರಿಜಿಸ್ಟ್ರಾರ್ ಕಚೇರಿಗೆ ಅಪ್ಪ ಬಂದರು. ಬರುವುದಿಲ್ಲ ಎಂದಿದ್ದವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು. ಎಬಿಯ ಭುಜ ತಟ್ಟಿದರು. ನಾನು ಸಂತೋಷದಿಂದ ಹಾರುವುದೊಂದು ಬಾಕಿ. ಆಮೇಲೆ ಊಟಕ್ಕೆ ಹೋಟೆಲಿಗೆ ಹೋದೆವು. ಈಗ ಅಲ್ಲಿ ನಡೆದದ್ದನ್ನು ಕೇಳಿ, ಇಬ್ಬರಲ್ಲಿ ಯಾರ ತಪ್ಪು ಎಂದು ನೀವೇ ಹೇಳಿ.

ಅತ್ತೆಯವರು, ಬೀಗರು ಸಸ್ಯಾಹಾರಿಗಳು, ಪಕ್ಕದಲ್ಲಿ ಮಾಂಸ ಇದ್ದರೆ ಅವರಿಗೆ ಕಷ್ಟವಾಗುತ್ತದೆ ಎಂದು, ನಮ್ಮ ಕಡೆಯವರಿಗಾಗಿ ಬೇರೆಯೇ ಒಂದು ಕೋಣೆ ಮಾಡಿಸಿದ್ದರು. ಹೂವಿನ ಅಲಂಕಾರ, ಬೆಳ್ಳಿ ಲೋಟ, ಹೋಳಿಗೆ, ಎಲ್ಲವೂ ಅಲ್ಲೇ. ಬಾಗಿಲ ಮೇಲೆ 'ಹೆಣ್ಣಿನ ಕಡೆಯವರಿಗೆ' ಎಂದು ಒಂದು ಬೋರ್ಡು. ಎಷ್ಟು ಪ್ರೀತಿ ನೋಡಿ. ಅಪ್ಪ ಆ ಬೋರ್ಡು ಓದಿದರು. ಈ ಕಡೆ ದೊಡ್ಡ ಹಾಲಿನಲ್ಲಿ ನಾನು, ಎಬಿ, ನಗು, ಫೋಟೋ. ಆ ಕಡೆ ಬಾಗಿಲು ಹಾಕಿದ ಕೋಣೆಯಲ್ಲಿ ಅಪ್ಪ, ಅವ್ವ, ಬೆಳ್ಳಿ ಲೋಟ. ಅಪ್ಪ ಕೈ ಮುಗಿದು ಹೇಳಿದರು:

"ಊಟಾ ಆಗೇತ್ರಿ ನಮ್ದು. ಮನ್ಯಾಗ ಮಾಡ್ಕೊಂಡೇ ಬಂದೀವಿ."

ಹೊರಟುಹೋದರು. ಊಟ ಆಗಿರಲಿಲ್ಲ. ಬೆಳಗ್ಗೆಯಿಂದ ಒಂದು ತುತ್ತೂ ಇಳಿದಿಲ್ಲ ಎಂದು ಅವ್ವ ಆಮೇಲೆ ಫೋನಿನಲ್ಲಿ ಅತ್ತಳು. ಈ ಕಡೆ ಅತ್ತೆ ಅತ್ತರು, ನಮ್ಮ ಕೈಯ ಅನ್ನ ಬೀಗರಿಗೆ ಬೇಡವಾಯಿತಲ್ಲ ಎಂದು. ಆ ಕಡೆ ಅಪ್ಪ, ತಮ್ಮ ಪಕ್ಕ ಕೂರಿಸಿಕೊಳ್ಳಲು ಅವರಿಗೆ ಮನಸ್ಸಿಲ್ಲ, ನಾವ್ಯಾಕೆ ಭಾರವಾಗಬೇಕು ಎಂದು. ಇಬ್ಬರೂ ಎಂಥ ಮರ್ಯಾದಸ್ಥರು! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಜಗಳವಾಡಿದ್ದರೆ ರಾಜಿ ಮಾಡಿಸಬಹುದಿತ್ತು. ಮರ್ಯಾದೆ ಕೊಟ್ಟುಕೊಂಡು ದೂರವಾದವರನ್ನು ಹೇಗೆ ಹತ್ತಿರ ತರುವುದು? ಹಬ್ಬಕ್ಕೆ ಅವರು ಹಣ್ಣು ಕಳಿಸುತ್ತಾರೆ, ಇವರು ಕೇಕ್ ಕಳಿಸುತ್ತಾರೆ. ಡಬ್ಬಿಗಳು ಓಡಾಡಿದವು. ಮನುಷ್ಯರು ಓಡಾಡಲಿಲ್ಲ. ಈ ಎಲ್ಲ ತಿಂಗಳು ನಾನು ತವರಿಗೆ ಹೋದಾಗಲೆಲ್ಲ ಅಪ್ಪ ಎಬಿಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಹವಾಮಾನ ವಿಚಾರಿಸಿ, ಅಂಗಡಿಗೆ ಹೋಗಿ ಬರುತ್ತೇನೆ ಎಂದು ಎದ್ದು ಹೋಗುತ್ತಿದ್ದರು. ಆ ಅಂಗಡಿ ಯಾವುದು ಎಂದು ಇವತ್ತಿಗೂ ತಿಳಿದಿಲ್ಲ. ಯಾವತ್ತೂ ಏನೂ ತರಲಿಲ್ಲ.

ಇದಕ್ಕೆ ದಾರಿ ತೋರಿಸಿದ್ದು ಬದನೆಕಾಯಿ. ನಗಬೇಡಿ.

ಎರಡನೆಯ ತಿಂಗಳು ನಾನು ಮನೆಯ ಪರವಾಗಿ ಎಣ್ಣೆಗಾಯಿ ಮಾಡಿ ತಂದೆ. ಅವ್ವ ಮಾಡುವುದನ್ನು ನೋಡಿದ್ದೆ, ಮಾಡಿರಲಿಲ್ಲ. ಮೊಬೈಲಿನಲ್ಲಿ ನೋಡಿಕೊಂಡು ಮಾಡಿದೆ. ತಳ ಹತ್ತಿತು. ಒಳಗಿನ ಶೇಂಗಾ ಮಸಾಲೆ ಇದ್ದಿಲಾಯಿತು. ತಂದವರೇ ಬಡಿಸಬೇಕೆಂಬ ನಿಯಮವಿದೆಯಲ್ಲ, ಹೊಸ ಸೊಸೆ ಸೌಟು ಹಿಡಿದು ನಿಮ್ಮೆಲ್ಲರ ಮುಂದೆ ಬಂದೆ. ಬೇಡ ಎನ್ನುವ ಧೈರ್ಯ ನಿಮಗ್ಯಾರಿಗೂ ಬರಲಿಲ್ಲ. ಇಡೀ ಸಭೆ ಸುಟ್ಟ ಬದನೆಕಾಯಿ ತಿಂದಿತು. ಸಭಾಪಾಲಕರು "ವಿಶೇಷವಾದ ರುಚಿ" ಎಂದರು. ದೇವರ ಸೇವಕರು, ಸುಳ್ಳು ಹೇಳುವಂತಿರಲಿಲ್ಲ, ನಿಜವನ್ನೂ ಹೇಳುವಂತಿರಲಿಲ್ಲ, ಪಾಪ. ಮಾರಕ್ಕ ಮಾತ್ರ "ನಿಮ್ಮವ್ವ ಇದ್ನೇ ಕಲ್ಸಿದ್ದಾ?" ಎಂದು ಕೇಳಿದರು.

ಆ ಮಾತನ್ನು ನಾನು ತಮಾಷೆಗೆಂದು ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವ್ವ ನಗಲಿಲ್ಲ.

"ಮಂದಿಗೆ ಕರಕಲ ಬದ್ನಿಕಾಯಿ ಉಣಿಸಿ ಬಂದಿಯೇನವಾ? ನನ್ ಹೆಸ್ರು ತೆಗದ್ಯಲ್ಲ! ಅವ್ರ ಎದುರಿಗೆ ನಾ ಹೆಂಗ್ ಮುಖಾ ತೋರಿಸ್ಲಿ? ಮುಂದಿನ ಸಲ ನಾ ಮಾಡಿ ಕೊಡ್ತೀನಿ. ಗೇಟ್ ತನಕ ತಂದು ಕೊಟ್ಟು ಹೋಗ್ತೀನಿ, ಒಳಗ ಬರಂಗಿಲ್ಲ."

ಅಳಿಯನ ಮೇಲಿನ ಪ್ರೀತಿಗೆ ಬರಲಿಲ್ಲ, ಮಗಳ ಮೇಲಿನ ಪ್ರೀತಿಗೆ ಬರಲಿಲ್ಲ. ಎಣ್ಣೆಗಾಯಿಯ ಮರ್ಯಾದೆಗೆ ಬಂದಳು. ಹೋದ ತಿಂಗಳ ಮೊದಲ ಭಾನುವಾರ ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ಅಪ್ಪ ಇಳಿಯಲಿಲ್ಲ. ಅವ್ವ ಪಾತ್ರೆಯನ್ನೂ ರೊಟ್ಟಿಯ ಗಂಟನ್ನೂ ನನ್ನ ಕೈಗಿಟ್ಟು ತಿರುಗಿದಳು. ಅಷ್ಟರಲ್ಲಿ ಕೈ ತೊಳೆಯಲು ಹೊರಗೆ ಬಂದ ಮಾರಕ್ಕ ನೋಡಿದರು.

"ಎಲ್ಗಮ್ಮ ಒಂಟೆ? ಮಾಡ್ದೋರೇ ಬಡುಸ್ಬೇಕು. ಇಲ್ಲಿ ಅಂಗೇ ನಡ್ಯೋದು."

"ನಾವು ಇಲ್ಲಿಯವ್ರಲ್ರಿ, ಯಕ್ಕಾ."

"ನಾನೇನ್ ಇಲ್ಲಿಯೋಳಾ? ಬಸ್ನಾಗ್ ಬಂದಿವ್ನಿ. ಬಾ, ಸೌಟಿಡ್ಕ."

ಅವ್ವ ಸೌಟು ಹಿಡಿದಳು. ಒಂದು ಸಲ ಸೌಟು ಕೈಗೆ ಬಂದರೆ ಅವ್ವನನ್ನು ಯಾರು ತಡೆಯುತ್ತಾರೆ? ಪಂಕ್ತಿಯುದ್ದಕ್ಕೂ "ಇನ್ನೊಂದ್ ಹಾಕ್ಸ್ಕೋ, ತಮ್ಮಾ, ಏನ್ ಹಿಂಗ್ ಉಣ್ತೀಯೋ ಗುಬ್ಬಿಯಂಗ" ಎನ್ನುತ್ತ ಹೋದಳು. ಬಡಿಸಿದವರು ಎರಡನೆಯ ಪಂಕ್ತಿಯಲ್ಲಿ ಕೂರಲೇಬೇಕು. ಅತ್ತೆಯೂ ಬಡಿಸಿದ್ದರು. ಒಂದೇ ಮನೆಯವರಲ್ಲವಲ್ಲ, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಬೆಳ್ಳಿ ಲೋಟ ಇಲ್ಲ, ಬೋರ್ಡು ಇಲ್ಲ. ಚಾಪೆ ಹರಿದಿತ್ತು. ಅತ್ತೆ ಅವ್ವನ ಎಲೆಗೆ ನೀರು ಚಿಮುಕಿಸಿ ಒರೆಸಿಕೊಟ್ಟರು. ಇಬ್ಬರೂ ನನ್ನ ಅಡಿಗೆಯನ್ನು ಬೈಯುತ್ತ ಉಂಡರು. ನನಗೆ ಎಂಥ ಸುಖ! ನನ್ನನ್ನು ಬೈಯುವುದನ್ನು ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಕೇಳಿರಲಿಲ್ಲ.

ಅಪ್ಪ? ಅಪ್ಪ ಅಷ್ಟೂ ಹೊತ್ತು ಬಿಸಿಲಿನಲ್ಲಿ ಸ್ಕೂಟರ್ ಮೇಲೆ ಕೂತಿದ್ದರು. ಎಬಿ ಹೋಗಿ ಕರೆದ. "ಊಟಾ ಆಗೇತಿ" ಎಂದರು. ಆದರೆ ಮನೆಗೆ ಹೋದ ಮೇಲೆ ಅವ್ವನನ್ನು ಕೇಳಿದರಂತೆ, ಏನೇನು ಇತ್ತು ಎಂದು. ಮರುದಿನ ಕೇಳಿದರಂತೆ, ಪಕ್ಕದಲ್ಲಿ ಯಾರು ಕೂತಿದ್ದರು ಎಂದು. ಆಮೇಲೊಂದು ದಿನ, ಟಿವಿ ನೋಡುತ್ತ ನೋಡುತ್ತ, "ಗಂಡಸ್ರೂ ಬಡಸ್ತಾರೇನು ಅಲ್ಲಿ?" ಎಂದರಂತೆ. ಸಭಿಕರೇ, ನಮ್ಮಪ್ಪನನ್ನು ನೀವು ಬಲ್ಲವರಲ್ಲ. ನಾನು ಬಲ್ಲೆ. ಊಟಕ್ಕೆ ಕೂರಲು ಅವರಿಗೆ ನಾಚಿಕೆ. ಬಡಿಸಲು ಬಂದೆ, ನಿಯಮವಿದೆ, ಅದಕ್ಕೇ ಕೂತೆ ಎನ್ನುವುದಾದರೆ ನಾಚಿಕೆ ಇಲ್ಲ. ಅವರು ಒಂದು ತಿಂಗಳು ಯೋಚಿಸಿ ಕಂಡುಕೊಂಡ ದಾರಿ ಇದು. ಈ ಸಲ ಪಾತ್ರೆ ದೊಡ್ಡದು, ನನಗೆ ಎತ್ತಲಾಗುವುದಿಲ್ಲ, ನೀವೇ ಹೊತ್ತು ತರಬೇಕು ಎಂದು ಅವ್ವ ಹೇಳಿದಳು. ಪಾತ್ರೆ ದೊಡ್ಡದೇನಲ್ಲ. ಅದು ಅಪ್ಪನಿಗೂ ಗೊತ್ತು.

ಈಗ ಬರೋಣ ಪ್ಯಾಕೆಟ್ ವಿಷಯಕ್ಕೆ.

ಪಂಕ್ತಿ ನಿಲ್ಲಿಸಿ ಪ್ಯಾಕೆಟ್ ಕೊಟ್ಟರೆ ಹೇಗೆ ಎಂದು ಸಮಿತಿಯವರು ಯೋಚಿಸಿದ್ದಾರೆ. ಇವತ್ತು ಪ್ರಯೋಗ, ಸಂಜೆ ಮೀಟಿಂಗ್, ಅಲ್ಲಿ ತೀರ್ಮಾನ. ಕಾರಣಗಳೂ ಇವೆ. ನೀರಿನ ತೊಂದರೆ. ಚಾಪೆ ಒಗೆಯುವವರಿಲ್ಲ. ಮೊಣಕಾಲು ನೋವಿನವರಿಗೆ ನೆಲದ ಮೇಲೆ ಕೂರುವುದು ಕಷ್ಟ. ಹೆಬ್ಬಾಳದ ಕಡೆ ಹೋಗುವವರಿಗೆ ಟ್ರಾಫಿಕ್. ಥಿಯೋಡರ್ ಅಂಕಲ್ ಕೆಟ್ಟವರಲ್ಲ, ಅವರು ಚಾಪೆಗಳನ್ನು ತಾವೇ ಒಗೆದದ್ದನ್ನು ನಾನು ನೋಡಿದ್ದೇನೆ. ಆದರೆ ಅಂಕಲ್, ಸಭಾಪಾಲಕರು ಇವತ್ತಿನ ಪ್ರಸಂಗದಲ್ಲಿ, ಯೇಸುಸ್ವಾಮಿ ಯಾರು ಯಾರ ಮನೆಯಲ್ಲಿ ಊಟಕ್ಕೆ ಕೂತರು ಎಂದು ಅಷ್ಟು ಚೆನ್ನಾಗಿ ಹೇಳಿದರು. ಜೊತೆ ಕೂರಬಾರದು ಎನಿಸಿಕೊಂಡವರ ಜೊತೆಗೆಲ್ಲ ಕೂತರು, ಊರೆಲ್ಲ ಆಡಿಕೊಂಡರೂ ಕೂತರು. ಎಲ್ಲಾದರೂ ಪಾರ್ಸೆಲ್ ಕಟ್ಟಿಸಿಕೊಂಡು ಹೋದರು ಎಂದು ಕೇಳಿದಿರಾ?

ಮತ್ತೆ, ಪ್ಯಾಕೆಟ್ ವಿಷಯವನ್ನು ಎಲ್ಲಿ ತಿಳಿಸಿದಿರಿ? ವಾಟ್ಸಾಪ್ ಗುಂಪಿನಲ್ಲಿ. ನಾನು ಅದನ್ನು ನೋಡಲಿಲ್ಲ. ಹೊಸ ಮದುವೆ, ನಾನು ನೋಡುವುದು ಒಬ್ಬರ ಮೆಸೇಜು ಮಾತ್ರ. ಎಬಿಯೂ ನೋಡಲಿಲ್ಲ, ಕಾರಣ ಅದೇ. ಗುಂಪಿನಲ್ಲಿ ಇಲ್ಲದವರು ಏನು ಮಾಡಿದರು? ಎಂದಿನಂತೆ ಪಾತ್ರೆ ತಂದರು. ಈಗ ಅಡಿಗೆಮನೆಯ ಬಾಗಿಲಲ್ಲಿ ಮಾರಕ್ಕನ ಮುದ್ದೆ ಇದೆ. ಹೆಸರಘಟ್ಟದವರು ತಂದ ಮಜ್ಜಿಗೆಯ ಕ್ಯಾನ್ ಇದೆ. ಯಾರದೋ ಅವರೆಕಾಳು ಸಾರು, ಯಾರದೋ ಅನ್ನ, ಕೋಸಂಬರಿ, ಎಲ್ಲ ಮುಚ್ಚಿಕೊಂಡು ಸಾಲಾಗಿ ಕೂತಿವೆ. ಗುಂಪಿನಲ್ಲಿ ಇರುವವರೂ ಕೆಲವರು ತಂದಿದ್ದಾರೆ. ಅತ್ತೆ, ಹೇಳಿಬಿಡಲೇ? ನಮ್ಮ ಕಾರಿನ ಡಿಕ್ಕಿಯಲ್ಲಿ ಕಡಲೆಬೇಳೆ ಪಾಯಸ ಇದೆ. ಮೆಸೇಜು ಓದಿದ ಮೇಲೆಯೇ, ನಮಗ್ಯಾರಿಗೂ ಹೇಳದೆ ಮಾಡಿದ್ದು.

ಅವ್ವ ಬೆಳಗ್ಗೆ ಎದ್ದು ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು. ಅಪ್ಪ ಪಾತ್ರೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಸ್ಕೂಟರ್ ಓಡಿಸಿಕೊಂಡು ಬಂದರು. ಗೇಟಿನೊಳಗೆ ಕಾಲಿಟ್ಟರು. ಮೊದಲ ಸಲ. ನಾನು ಆಗ ಈ ವೇದಿಕೆಯ ಮೇಲೆ ಶಾಲು ಹೊದ್ದು ಫೋಟೋಗೆ ನಗುತ್ತಿದ್ದೆ, ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಗೇಟಿನಲ್ಲಿದ್ದ ನಮ್ಮ ಸ್ವಯಂಸೇವಕರು ಎಷ್ಟು ಮರ್ಯಾದೆಯಿಂದ ಎದ್ದು ನಿಂತರು! ಬೀಗರು ಕಾಯಬಾರದು ಎಂದು ಎಲ್ಲರಿಗಿಂತ ಮೊದಲು ಅವರಿಗೇ ಪ್ಯಾಕೆಟ್ ಕೊಟ್ಟರು. ಹಸಿರು ಚುಕ್ಕಿ ನೋಡಿ ನೋಡಿ ಆರಿಸಿ, ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಅವರು ಏನು ಹೇಳಿದರೋ ನನಗೆ ಕೇಳಲಿಲ್ಲ. ಅಪ್ಪ ಏನು ಹೇಳಿದರೆಂದು ಕೇಳದೆಯೂ ಗೊತ್ತು. ಪಾತ್ರೆಯನ್ನು ಮತ್ತೆ ಸ್ಕೂಟರಿನಲ್ಲಿ ಇಟ್ಟರು. ಮತ್ತೆ ಮರ್ಯಾದೆ! ಆ ಕಡೆ ಈ ಕಡೆ ಬರಿ ಮರ್ಯಾದೆ! ಇದರಿಂದ ನಮ್ಮನ್ನು ಯಾರು ಕಾಪಾಡುತ್ತಾರೆ?

ಥಿಯೋಡರ್ ಅಂಕಲ್, ನವದಂಪತಿಗಳೇ ಗೇಟಿನಲ್ಲಿ ನಿಂತು ಎಲ್ಲರಿಗೂ ಪ್ಯಾಕೆಟ್ ಹಂಚಲಿ, ಫೋಟೋ ಚೆನ್ನಾಗಿ ಬರುತ್ತದೆ ಎಂದು ಶಾಲು ಹೊದಿಸುವಾಗ ಹೇಳಿದಿರಿ. ನಾನು ಹಂಚುವುದಿಲ್ಲ. ಎಬಿಯೂ ಹಂಚುವುದಿಲ್ಲ. ಅವನನ್ನು ಕೇಳಿಲ್ಲ, ಆದರೆ ಹಂಚುವುದಿಲ್ಲ. ಪ್ಯಾಕೆಟ್ ವ್ಯರ್ಥವಾಗುವುದೂ ಬೇಡ. ಹೊರಡುವಾಗ ಒಯ್ಯಿರಿ, ಸಂಜೆ ಬಿಸಿ ಮಾಡಿಕೊಳ್ಳಿ, ಬಿರಿಯಾನಿ ಸಂಜೆಗೆ ಇನ್ನೂ ಚೆನ್ನಾಗಿರುತ್ತದೆ ಎಂದು ಯೂತ್ ಫೆಲೋಶಿಪ್‌ನವರು ಆಗಲೇ ತಲೆಯಾಡಿಸುತ್ತಿದ್ದಾರೆ. ಮೊಣಕಾಲು ನೋವಿನವರಿಗೆ ಈ ಕುರ್ಚಿಗಳನ್ನೇ ಒಯ್ದು ಗೋಡೆಯ ಪಕ್ಕ ಹಾಕೋಣ. ಚಾಪೆ ನಾನು ಒಗೆಯುತ್ತೇನೆ. ಈ ತಿಂಗಳಲ್ಲ, ಪ್ರತಿ ತಿಂಗಳು. ಎಲ್ಲರ ಮುಂದೆ ಮೈಕಿನಲ್ಲಿ ಹೇಳಿದ್ದೇನೆ. ಸಂಜೆಯ ಮೀಟಿಂಗಿನಲ್ಲಿ ನನಗೆ ಓಟಿಲ್ಲ. ಓಟಿರುವವರು ಯೋಚಿಸಿ.

ಮಾರಕ್ಕ, ನೀವು ಬಾಗಿಲ ಹತ್ತಿರ ಇದ್ದೀರಿ. ಎದ್ದಿರಾ? ಎದ್ದರು. ಸಭಿಕರೇ, ಮಾರಕ್ಕ ಎದ್ದು ಹೊರಗೆ ಹೋಗುತ್ತಿದ್ದಾರೆ. ನಾನೇನೂ ಹೇಳಲಿಲ್ಲ.

ಅಪ್ಪಾ, ಈ ಮೈಕ್ ಗೇಟಿನ ತನಕ ಕೇಳುತ್ತದೆ ಎಂದು ನನಗೆ ಗೊತ್ತು. ಇಲ್ಲಿ ಅವರೆಕಾಳು ಸಾರಿದೆ, ಅದಕ್ಕೆ ರೊಟ್ಟಿ ಇಲ್ಲ. ಎಲ್ಲರೂ ಕಾಯುತ್ತಿದ್ದಾರೆ. ಪಾತ್ರೆ ಅವ್ವಗ ಎತ್ತಾಕ ಆಗಂಗಿಲ್ರಿ. ನೀವಽ ತರಬೇಕು.

ಮಾರಕ್ಕ ಸ್ಕೂಟರಿನ ಹತ್ತಿರ ನಿಂತು ಏನೋ ಬೈಯುತ್ತಿದ್ದಾರೆ. ಅವ್ವ ನಗುತ್ತಿದ್ದಾಳೆ. ಅಪ್ಪ ಪ್ಯಾಕೆಟ್‌ಗಳನ್ನು ಎಲ್ಲಿಡುವುದೆಂದು ತಿಳಿಯದೆ ಅತ್ತಿತ್ತ ನೋಡುತ್ತಿದ್ದಾರೆ.

ಕ್ರೇಟಿನಲ್ಲೇ ಇಟ್ಟರು.

ಬರುತ್ತಿದ್ದಾರೆ, ಸಭಿಕರೇ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ, ಅವರಿಗೆ ನಾಚಿಕೆಯಾಗುತ್ತದೆ. ಚಪ್ಪಾಳೆ ತಟ್ಟಬೇಡಿ. ಬೀಗರು ಬಂದರು ಎಂದು ಮುಂದಿನ ಸಾಲಿನ ಕುರ್ಚಿ ಬಿಟ್ಟು ಏಳಬೇಡಿ. ಅತ್ತೆ, ದಯವಿಟ್ಟು ಹಾರ ಹುಡುಕಬೇಡಿ. ಯಾರೂ ಯಾವ ಮರ್ಯಾದೆಯನ್ನೂ ಮಾಡಬೇಡಿ. ಇಷ್ಟು ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ನನ್ನನ್ನು ತಡೆಯದಿದ್ದ ಸಭಾಪಾಲಕರಿಗೆ, ಆಗಲೇ ಚಾಪೆ ತರಲು ಎದ್ದಿರುವ ಥಿಯೋಡರ್ ಅಂಕಲ್‌ಗೆ ಮನಸಾರೆ ಧನ್ಯವಾದಗಳು. ಸುಮ್ಮನೆ ಎಲೆ ಹಾಕಿ. ಅವರಿಗೂ ಒಂದು ಹಾಕಿ. ನಮಸ್ಕಾರ.